ಮನೆಯವರಿಗೆ ಹೇಳದೆ ಗರ್ಭನಿರೋಧಕ ಪಡೆಯಬಹುದಾ? 18 ದಾಟಿದವರಿಗೂ ದಾಟದವರಿಗೂ

ಮೊದಲು ನಿಮ್ಮ ವಯಸ್ಸು ಲೆಕ್ಕ ಹಾಕಿಕೊಳ್ಳಿ. ನಮ್ಮ ದೇಶದಲ್ಲಿ ಈ ವಿಷಯ ಪೂರ್ತಿ 18 ಅನ್ನೋ ಒಂದು ಸಂಖ್ಯೆಯ ಮೇಲೆ ನಿಂತಿದೆ. 18 ತುಂಬಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಯಾರೂ ಕೇಳುವ ಹಾಗಿಲ್ಲ. ತುಂಬಿಲ್ಲ ಅಂದರೆ ಕಾನೂನು ಬೇರೆ, ಡಾಕ್ಟರ ಜವಾಬ್ದಾರಿ ಬೇರೆ, ಗುಟ್ಟು ಎಲ್ಲಿಯವರೆಗೆ ಉಳಿಯುತ್ತದೆ ಅನ್ನೋ ಲೆಕ್ಕವೂ ಬೇರೆ. ನೆಟ್ಟಲ್ಲಿ ಸಿಗುವ ಅಮೆರಿಕ, ಇಂಗ್ಲೆಂಡಿನ ಸಲಹೆ ಓದಿಕೊಂಡು ಇಲ್ಲಿನ ಆಸ್ಪತ್ರೆಗೆ ಹೋಗಬೇಡಿ. ಇಂಗ್ಲೆಂಡಿನಲ್ಲಿ, ಅಮೆರಿಕದ ಹಲವು ರಾಜ್ಯಗಳಲ್ಲಿ 16 ತುಂಬದವರಿಗೂ ಮನೆಯವರಿಗೆ ತಿಳಿಸದೆ ಮಾತ್ರೆ ಕೊಡುವ ವ್ಯವಸ್ಥೆ ಇದೆ, ಇಲ್ಲಿ ಹಾಗಿಲ್ಲ.

18 ತುಂಬಿದ್ದರೆ

ಕಾಲೇಜಿಗೆ ಹೋಗುತ್ತಿರಿ, ಪಿಜಿಯಲ್ಲಿರಿ, ಅಪ್ಪನ ದುಡ್ಡಲ್ಲೇ ಓದುತ್ತಿರಿ, ಮದುವೆ ಆಗದೇ ಇರಿ, ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆಗೂ ಇಂಜೆಕ್ಷನ್‌ಗೂ ವಂಕಿಗೂ (ಗರ್ಭಕೋಶದೊಳಗೆ ಹಾಕುವ ಕಾಪರ್-ಟಿಯಂಥದ್ದು) ನಿಮ್ಮ ಒಬ್ಬರ ಒಪ್ಪಿಗೆ ಸಾಕು. ರೋಗಿ ಹೇಳಿದ್ದನ್ನು ಹೊರಗೆ ಹೇಳಬಾರದು ಅನ್ನೋದು ವೈದ್ಯರ 2002ರ ನಡವಳಿಕೆ ನಿಯಮದಲ್ಲೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಆಧಾರ್ ಕೇಸಿಂದ ಶುರುವಾಗಿದ್ದು ನಿಜ. ಆದರೆ ಮಗು ಬೇಕೋ ಬೇಡವೋ ಅನ್ನೋ ತೀರ್ಮಾನವೂ ಖಾಸಗಿತನದ ಒಳಗೇ ಬರುತ್ತದೆ ಎಂದು ಅದೇ ತೀರ್ಪು ಹೇಳುತ್ತದೆ.

ಇಷ್ಟೆಲ್ಲ ಇದ್ದರೂ ಒಪಿಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಮದುವೆ ಆಗಿದೆಯಾ?’ ಅಂತಲೇ. ‘ಇಲ್ಲ’ ಅಂದುಬಿಟ್ಟರೆ ಎಷ್ಟೋ ಡಾಕ್ಟರು ಗರ್ಭದ ವಿಚಾರವನ್ನೇ ಕೈಬಿಟ್ಟು ಹೊಟ್ಟೆನೋವಿಗೆ ಮಾತ್ರೆ ಬರೆಯುತ್ತಾರೆ, ‘ಹೌದು’ ಅಂತ ಸುಳ್ಳು ಹೇಳಿದರೆ ಮುಂದಿನ ಪ್ರಶ್ನೆ ಗಂಡ ಎಲ್ಲಿ, ಮಕ್ಕಳೆಷ್ಟು ಅಂತ ಬರುತ್ತೆ, ಆಮೇಲೆ ಸುಳ್ಳಿನ ಮೇಲೆ ಸುಳ್ಳು. ಅದರ ಬದಲು ‘ಮದುವೆ ಆಗಿಲ್ಲ, ಸಂಬಂಧ ಇದೆ, ಗರ್ಭನಿರೋಧಕದ ಬಗ್ಗೆ ಕೇಳಬೇಕು’ ಎಂದು ಒಂದೇ ಉಸಿರಿಗೆ ಹೇಳಿಬಿಡಿ. ಡಾಕ್ಟರು ಉಪದೇಶ ಶುರು ಮಾಡಿದರೆ ಎದ್ದು ಬನ್ನಿ. ವಾದ ಮಾಡುವುದರಲ್ಲಿ ಏನೂ ಸಿಗುವುದಿಲ್ಲ, ಬೇರೆ ಡಾಕ್ಟರ ಹತ್ತಿರ ಹೋಗಿ. ಚೀಟಿ ಬರೆಸುವ ಕೌಂಟರಿನಲ್ಲಿ ಏನು ತೊಂದರೆ ಎಂದು ಕೇಳಿದರೆ ‘ಲೇಡಿ ಡಾಕ್ಟರನ್ನ ನೋಡಬೇಕು’ ಅಂದರೆ ಸಾಕು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವ ಹಾಗೆ ವಿವರ ಕೊಡಬೇಕಿಲ್ಲ.

ಇನ್ನೊಂದು ಭಯ ಒಳಪರೀಕ್ಷೆಯದ್ದು. ಮಾತ್ರೆ ಶುರು ಮಾಡುವುದಕ್ಕೆ ಒಳಪರೀಕ್ಷೆ ಬೇಕಾಗಿಲ್ಲ. ಬಿಪಿ ನೋಡಬೇಕು. ಮೈಗ್ರೇನ್ ಇದೆಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಸಿಗರೇಟ್ ಸೇದುತ್ತೀರಾ ಎಂದು ಕೇಳಬೇಕು. ಅವರು ಕೇಳದಿದ್ದರೆ ನೀವೇ ಹೇಳಿ. ತಲೆನೋವಿನ ಜೊತೆ ಕಣ್ಣಿಗೆ ಮಿಂಚು ಹೊಡೆದ ಹಾಗಾಗುವ ಮೈಗ್ರೇನ್ ಇದ್ದವರು ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇರುವ ಮಾತ್ರೆ ತಗೊಳ್ಳಬಾರದು.

ತುರ್ತು ಮಾತ್ರೆ

ಕಾಂಡೋಮ್ ಹರಿದಿದೆ, ಅಥವಾ ಬಳಸಿಲ್ಲ. ಈಗ ಗಡಿಯಾರ ಓಡುತ್ತಿದೆ, ಹಾಗಾಗಿ ಮಿಕ್ಕಿದ್ದು ಆಮೇಲೆ ಓದಿ, ಇದನ್ನು ಮೊದಲು ಓದಿ.

ಮೆಡಿಕಲ್ ಶಾಪಲ್ಲಿ ಐ-ಪಿಲ್, ಅನ್‌ವಾಂಟೆಡ್-72 ಅಂತ ಸಿಗುವುದು ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಮಾತ್ರೆ. ಡಾಕ್ಟರ ಚೀಟಿ ಬೇಡ. 72 ಗಂಟೆಯೊಳಗೆ ನುಂಗಬೇಕು, ಆದರೆ 72 ಇದೆಯಲ್ಲ ಎಂದು ನಾಳೆಗೆ ಇಡಬೇಡಿ, ತಡವಾದಷ್ಟೂ ಅದರ ಶಕ್ತಿ ಕಡಿಮೆ. ಅಂಡ ಹೊರಬರುವುದನ್ನು ಮುಂದಕ್ಕೆ ಹಾಕುವುದು ಅದರ ಮುಖ್ಯ ಕೆಲಸ. ಆಗಲೇ ಗರ್ಭ ನಿಂತಿದ್ದರೆ ಅದನ್ನು ತೆಗೆಯುವುದಿಲ್ಲ, ಇದು ಗರ್ಭಪಾತದ ಮಾತ್ರೆ ಅಲ್ಲ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಬೇಕು. ಟಿಬಿಗೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಕೆಲವು ಮಾತ್ರೆ ತಗೊಳ್ಳುತ್ತಿದ್ದರೆ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗ ಡಾಕ್ಟರನ್ನು ಕೇಳಲೇಬೇಕು.

ಇಲ್ಲಿ ಒಂದು ಎಚ್ಚರಿಕೆ. ‘ಅನ್‌ವಾಂಟೆಡ್’ ಹೆಸರಲ್ಲೇ ಮೂರು ಬೇರೆ ಬೇರೆ ವಸ್ತು ಇವೆ. ಅನ್‌ವಾಂಟೆಡ್-72 ತುರ್ತು ಮಾತ್ರೆ. ಅನ್‌ವಾಂಟೆಡ್-21 ಅನ್ನೋದು ದಿನಾ ನುಂಗುವ ಮಾತ್ರೆ. ಅನ್‌ವಾಂಟೆಡ್ ಕಿಟ್ ಗರ್ಭಪಾತದ ಔಷಧಿ, ಅದಕ್ಕೆ ಡಾಕ್ಟರ ಚೀಟಿ ಬೇಕೇ ಬೇಕು. ನಾಚಿಕೆಯಿಂದ ಅರ್ಧ ಹೆಸರು ಹೇಳಿ, ಅವರು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡು ಓಡಿ ಬಂದರೆ ತಪ್ಪು ಡಬ್ಬಿ ಕೈಗೆ ಬರುವುದು ಹೀಗೇ. ಮಾತಾಡೋಕೆ ಆಗಲ್ಲ ಅಂದರೆ ಫೋನಿನಲ್ಲಿ ಹೆಸರು ಟೈಪ್ ಮಾಡಿ ತೋರಿಸಿ. ಡಬ್ಬಿಯ ಮೇಲಿನ ಹೆಸರು, ಎಕ್ಸ್‌ಪೈರಿ ಅಲ್ಲೇ ನೋಡಿ. ನಿಮ್ಮ ಬೀದಿಯ ಅಂಗಡಿಯವರು ಅಪ್ಪನ ಪರಿಚಯದವರಾದರೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ, ಅಲ್ಲಿ ಯಾರ ಮುಖವೂ ಯಾರಿಗೂ ನೆನಪಿರುವುದಿಲ್ಲ.

ಇದೇ ತುರ್ತು ಮಾತ್ರೆ ಸರ್ಕಾರದ ಕಡೆಯಿಂದ ‘ಈಜಿ ಪಿಲ್’ ಅಂತ ಆಶಾ ಕಾರ್ಯಕರ್ತೆಯರ ಹತ್ತಿರವೂ ಇರುತ್ತದೆ. ಆದರೆ ಆಶಾ ಅಕ್ಕ ನಿಮ್ಮ ಊರಿನವರೇ, ನಿಮ್ಮ ಅಮ್ಮನ ಜೊತೆ ಸಂಘದ ಮೀಟಿಂಗಿಗೆ ಹೋಗುವವರೇ ಆಗಿರಬಹುದು. ಅವರನ್ನು ನಂಬಬಹುದಾ ಅನ್ನೋದು ನಿಮಗೇ ಗೊತ್ತಿರಬೇಕು.

ಮಾತ್ರೆ ತಗೊಂಡ ಮೇಲೆ ಆ ತಿಂಗಳ ಮುಟ್ಟು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಒಂದು ವಾರಕ್ಕಿಂತ ಜಾಸ್ತಿ ತಡವಾದರೆ ಮೂತ್ರದ ಟೆಸ್ಟ್ ಕಿಟ್ ತಂದು ನೋಡಿ. ಮೂರು ದಿನ ದಾಟಿ ಐದು ದಿನ ಆಗಿಲ್ಲ ಅಂದರೆ ಕಾಪರ್-ಟಿ ಹಾಕಿಸುವುದೂ ಒಂದು ದಾರಿ. ನಿಜ ಹೇಳಬೇಕೆಂದರೆ ಮಾತ್ರೆಗಿಂತ ಅದೇ ಹೆಚ್ಚು ಗ್ಯಾರಂಟಿ.

ಮತ್ತೆ ಮತ್ತೆ ತುರ್ತು ಮಾತ್ರೆ ಯಾಕೆ?

ತಿಂಗಳು ತಿಂಗಳು ಐ-ಪಿಲ್ ನುಂಗುವವರಿದ್ದಾರೆ. ಪ್ರಾಣಕ್ಕೇನೂ ಅಪಾಯ ಇಲ್ಲ, ಆದರೆ ಮುಟ್ಟು ಏರುಪೇರಾಗಿ ಪ್ರತಿ ಸಲವೂ ಹೆದರಿಕೆ, ಜೊತೆಗೆ ದಿನನಿತ್ಯದ ವಿಧಾನಗಳಷ್ಟು ಕೆಲಸವನ್ನೂ ಅದು ಮಾಡುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತ: ನಿರೋಧ್, ದಿನಾ ನುಂಗುವ ಮಾಲಾ-ಎನ್, ವಾರಕ್ಕೊಮ್ಮೆಯ ಛಾಯಾ, ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ವಂಕಿ.

ಗುಟ್ಟಿನ ದೃಷ್ಟಿಯಿಂದ ಇವುಗಳಲ್ಲಿ ವ್ಯತ್ಯಾಸ ಇದೆ. ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ, 21 ಹಾರ್ಮೋನಿನವು, 7 ಕಬ್ಬಿಣದವು. ದಿನಾ ಒಂದೇ ಹೊತ್ತಿಗೆ ನುಂಗಬೇಕು, ಅಂದರೆ ಪಟ್ಟಿ ಎಲ್ಲೋ ಒಂದು ಕಡೆ ಇಡಲೇಬೇಕು. ಹಂಚಿಕೊಂಡ ಬೀರು ಇರುವ ಮನೆಯಲ್ಲಿ ಇದು ಕಷ್ಟ. ಛಾಯಾದಲ್ಲಿ ಹಾರ್ಮೋನ್ ಇಲ್ಲ, ಲಖನೌದ ಸರ್ಕಾರಿ ಸಂಶೋಧನಾಲಯದಲ್ಲಿ ಹುಟ್ಟಿದ ಮಾತ್ರೆ, ಅಂಗಡಿಯಲ್ಲಿ ಸಹೇಲಿ ಅಂತ ಸಿಗುವುದೂ ಇದೇ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಶುರುವಿನಲ್ಲಿ ಮುಟ್ಟು ತಡವಾಗಬಹುದು, ಅದಕ್ಕೆ ಗಾಬರಿಯಾಗುವವರು ಜಾಸ್ತಿ. ಅಂತರಾ ತಗೊಂಡರೆ ಮನೆಯಲ್ಲಿ ಇಡುವಂಥದ್ದು ಏನೂ ಇಲ್ಲ. ಆದರೆ ನಡುನಡುವೆ ರಕ್ತಸ್ರಾವ ಆಗಬಹುದು, ಮುಟ್ಟು ನಿಂತೇ ಹೋಗಬಹುದು, ಪ್ಯಾಡ್ ಲೆಕ್ಕ ಇಟ್ಟಿರುವ ಅಮ್ಮ ಇದ್ದರೆ ಅಲ್ಲೇ ಪ್ರಶ್ನೆ ಏಳುತ್ತೆ. ಬಿಟ್ಟ ಮೇಲೂ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ. ವಂಕಿಯನ್ನು ಮಕ್ಕಳಾಗದವರಿಗೂ ಹಾಕಬಹುದು, ಆದರೂ ಮದುವೆಯಾಗದವರಿಗೆ ಹಾಕಲು ಹಿಂದೇಟು ಹಾಕುವ ಡಾಕ್ಟರು ಇದ್ದಾರೆ.

ಯಾವುದೇ ಆರಿಸಿಕೊಳ್ಳಿ, ಲೈಂಗಿಕ ರೋಗ ತಡೆಯುವುದು ಕಾಂಡೋಮ್ ಮಾತ್ರ.

ಗುಟ್ಟು ಸೋರುವ ಜಾಗಗಳು

ಡಾಕ್ಟರು ಫೋನ್ ಮಾಡಿ ಅಪ್ಪನಿಗೆ ಹೇಳುವುದು ಅಪರೂಪ. ಮನೆಗೆ ಸುದ್ದಿ ಮುಟ್ಟಿಸುವುದು ಮೊಬೈಲ್.

ರಿಜಿಸ್ಟ್ರೇಷನ್ನಿಗೆ ಕೊಟ್ಟ ನಂಬರಿಗೆ ಎಸ್ಸೆಮ್ಮೆಸ್ ಬರುತ್ತದೆ, ಲ್ಯಾಬಿನವರು ವಾಟ್ಸಾಪಿನಲ್ಲಿ ರಿಪೋರ್ಟ್ ಕಳಿಸುತ್ತಾರೆ, ‘ಹೇಗಿತ್ತು ನಮ್ಮ ಸೇವೆ’ ಎಂದು ಒಂದು ವಾರ ಬಿಟ್ಟು ಕಾಲ್ ಸೆಂಟರಿನವರು ಬೇರೆ ಫೋನ್ ಮಾಡುತ್ತಾರೆ, ಆ ನಂಬರ್ ಅಪ್ಪನದ್ದೋ ಅಣ್ಣನದ್ದೋ ಆಗಿದ್ದರೆ ಕಥೆ ಮುಗಿಯಿತು. ಚಿಕ್ಕಂದಿನಿಂದ ಹೋಗುತ್ತಿದ್ದ ಆಸ್ಪತ್ರೆಯಾದರೆ ಅವರ ಕಂಪ್ಯೂಟರಿನಲ್ಲಿ ಹಳೇ ನಂಬರೇ ಇರುತ್ತದೆ, ಹೋದ ತಕ್ಷಣ ಬದಲಾಯಿಸಲು ಹೇಳಿ. ರಿಪೋರ್ಟ್ ಕಳಿಸಬೇಡಿ, ನಾನೇ ಬಂದು ತಗೊಳ್ಳುತ್ತೇನೆ ಎಂದು ಲ್ಯಾಬಿನಲ್ಲಿ ಬರೆಸಿ. ಅಪ್ಪನ ಆಫೀಸಿನ ಇನ್ಶೂರೆನ್ಸ್ ಬಳಸಿದರೆ ಕ್ಲೇಮಿನ ವಿವರ ಅಪ್ಪನ ಇಮೇಲಿಗೇ ಹೋಗುತ್ತದೆ. ಬ್ಯಾಂಕ್ ಖಾತೆ ಮನೆಯವರ ಜೊತೆ ಜಂಟಿಯಾಗಿದ್ದರೆ ಯುಪಿಐ ಬೇಡ, ನಗದು ಕೊಡಿ. ಆನ್‌ಲೈನಿನಲ್ಲಿ ಔಷಧಿ ತರಿಸಿದರೆ ಪಾರ್ಸೆಲ್ ತಗೊಳ್ಳುವವರು ಯಾರು ಎಂದು ಯೋಚಿಸಿ. ಮುಟ್ಟಿನ ಲೆಕ್ಕದ ಆ್ಯಪ್ ಇದ್ದರೆ ಅದಕ್ಕೊಂದು ಲಾಕ್ ಹಾಕಿ.

ಫ್ಯಾಮಿಲಿ ಡಾಕ್ಟರಾದರೆ ಬಾಯಿ ಬಿಟ್ಟು ಹೇಳಿ: ‘ಅಮ್ಮನಿಗೆ ಇದು ಹೇಳಬೇಡಿ.’ ಕೇಳದೇ ಇದ್ದರೆ, ನಿಮ್ಮ ಒಳ್ಳೆಯದಕ್ಕೇ ಅಂದುಕೊಂಡು ಮದುವೆ ಮನೆಯಲ್ಲಿ ಸಿಕ್ಕಾಗ ಹೇಳಿಬಿಡುವವರಿದ್ದಾರೆ. ಡಾಕ್ಟರು ನಿಜಕ್ಕೂ ಹೊರಗೆ ಹೇಳಿ ತೊಂದರೆ ಮಾಡಿದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು.

18 ತುಂಬಿಲ್ಲ ಅಂದರೆ

ಇಲ್ಲಿ ನಾನು ಸಿಹಿ ಮಾತು ಆಡುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾನೂನಿನ ಪ್ರಕಾರ 18ರ ಒಳಗಿನವರ ಜೊತೆಗಿನ ಲೈಂಗಿಕ ಸಂಬಂಧ ಅಪರಾಧ. ಹುಡುಗಿ ಒಪ್ಪಿದ್ದಳಾ ಅನ್ನೋ ಪ್ರಶ್ನೆಯೇ ಬರುವುದಿಲ್ಲ. ಮದುವೆ ಮಾಡಿಕೊಟ್ಟಿದ್ದರೂ ಅಷ್ಟೇ, 18ರ ಒಳಗಿನ ಹೆಂಡತಿಯ ಜೊತೆಗಿನ ಸಂಬಂಧವೂ ಅತ್ಯಾಚಾರ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರಿನಲ್ಲಿ ಹೇಳಿದೆ. ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಅದು ಕಾಯಿದೆಯ 19ನೇ ಕಲಂ. ತಿಳಿಸದ ಡಾಕ್ಟರಿಗೆ 6 ತಿಂಗಳವರೆಗೆ ಜೈಲಾಗಬಹುದು. ಹಾಗಾಗಿ ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಎಂದು 16ರ ಹುಡುಗಿಗೆ ಹೇಳುವ ಡಾಕ್ಟರು ಉಳಿಸಿಕೊಳ್ಳಲಾಗದ ಮಾತು ಕೊಡುತ್ತಿದ್ದಾರೆ.

ಇದು ಸರಿಯಾ? ನನ್ನ ಮಟ್ಟಿಗೆ, ಒಂದೇ ವಯಸ್ಸಿನ ಇಬ್ಬರು ಪಿಯುಸಿ ಮಕ್ಕಳ ಪ್ರೀತಿಗೂ 40ರ ಗಂಡಸು ಮಾಡುವ ದೌರ್ಜನ್ಯಕ್ಕೂ ಒಂದೇ ಕಲಂ ಹಾಕುವುದು ಸರಿಯಲ್ಲ. ನಮ್ಮ ಹೈಕೋರ್ಟಿನ ಧಾರವಾಡ ಪೀಠವೂ 2022ರ ನವೆಂಬರಿನಲ್ಲಿ ಈ ವಯಸ್ಸಿನ ಮಿತಿಯನ್ನು ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತ್ತು. ಆಯೋಗ 2023ರ ವರದಿಯಲ್ಲಿ 18ನ್ನು ಇಳಿಸುವುದು ಬೇಡ ಎಂದಿತು. ಇವತ್ತಿಗೆ ನೀವು ಬದುಕುತ್ತಿರುವುದು ಈ ಕಾನೂನಿನ ಒಳಗೆ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಮಾಹಿತಿ ಕೇಳುವುದು ಅಪರಾಧ ಅಲ್ಲ. ಮುಟ್ಟು, ಬಿಳಿ ಸೆರಗು, ಗರ್ಭ ಹೇಗೆ ನಿಲ್ಲುತ್ತದೆ, ಗರ್ಭನಿರೋಧಕ ಹೇಗೆ ಕೆಲಸ ಮಾಡುತ್ತದೆ, ಇದನ್ನೆಲ್ಲ ಯಾವ ವಯಸ್ಸಿನವರೂ ಕೇಳಬಹುದು. ಇದಕ್ಕಾಗಿಯೇ 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಆರೋಗ್ಯ ಕಾರ್ಯಕ್ರಮದ ಭಾಗ ಅದು. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಆಪ್ತಸಮಾಲೋಚಕರ ಕೋಣೆ ತೋರಿಸುತ್ತಾರೆ. ಹೋಗಲು ಆಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ನಿಮ್ಮ ಸ್ವಂತ ವಿಷಯ ಹೇಳುವ ಮೊದಲು ಈ ಪ್ರಶ್ನೆ ಕೇಳಿ: ‘ನಾನು ಹೇಳಿದ್ದರಲ್ಲಿ ಯಾವುದು ನಿಮ್ಮಲ್ಲೇ ಉಳಿಯುತ್ತೆ, ಯಾವುದನ್ನ ಬೇರೆಯವರಿಗೆ ತಿಳಿಸಲೇಬೇಕಾಗುತ್ತೆ?’ ಒಳ್ಳೆಯ ಸಮಾಲೋಚಕರು ನೇರವಾಗಿ ಉತ್ತರ ಕೊಡುತ್ತಾರೆ.

ಹೆಚ್ಚು ಮುಟ್ಟು, ಪಿಸಿಒಡಿ (ಅಂಡಾಶಯದ ಒಂದು ತೊಂದರೆ), ತಡೆಯಲಾರದ ಹೊಟ್ಟೆನೋವು ಇವಕ್ಕೂ ಇದೇ ಹಾರ್ಮೋನ್ ಮಾತ್ರೆ ಬರೆಯುತ್ತಾರೆ. ಅದರಲ್ಲಿ ಯಾವ ಪೊಲೀಸ್ ವಿಷಯವೂ ಇಲ್ಲ, ಅಮ್ಮನ ಜೊತೆಗೇ ಹೋಗಿ ತಗೊಳ್ಳಬಹುದು.

ವಯಸ್ಸು ಸುಳ್ಳು ಹೇಳಬೇಡಿ. ಕಾಯಿಲೆ ಜೋರಾಗಿ ಆಸ್ಪತ್ರೆಗೆ ಸೇರಿದ ದಿನ ಆಧಾರ್ ಕಾರ್ಡ್ ಹೇಗೂ ಹೊರಬರುತ್ತದೆ. ವಿಡಿಯೋ ಕಾಲ್ ಡಾಕ್ಟರ ಆ್ಯಪ್‌ನಲ್ಲೂ ಇದೇ ಕಥೆ: 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ 18ರ ಒಳಗಿನವರ ಜೊತೆ ಒಬ್ಬ ದೊಡ್ಡವರು ಇರಬೇಕು.

ಬಲವಂತ ಆಗಿದ್ದರೆ ಇದ್ಯಾವುದನ್ನೂ ಯೋಚಿಸುತ್ತಾ ಕೂರಬೇಡಿ. ಮಾಡಿದವನು ಮನೆಯವನೇ ಆಗಿದ್ದರೂ, ಟ್ಯೂಷನ್ ಮೇಷ್ಟ್ರಾಗಿದ್ದರೂ, ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅಥವಾ ಪೊಲೀಸರ 112ಕ್ಕೆ. ಆಸ್ಪತ್ರೆಗೆ ನೇರ ಹೋಗಬಹುದು. ಎಫ್‌ಐಆರ್ ತನ್ನಿ, ಪೊಲೀಸ್ ಪತ್ರ ತನ್ನಿ ಎಂದು ತುರ್ತು ಚಿಕಿತ್ಸೆಗೆ ಮೊದಲು ಕೇಳುವಂತಿಲ್ಲ ಎಂದು 2020ರ ಪೋಕ್ಸೋ ನಿಯಮಗಳಲ್ಲಿ ಸ್ಪಷ್ಟವಾಗಿದೆ. ತುರ್ತು ಗರ್ಭನಿರೋಧಕದ ಬಗ್ಗೆ ಹುಡುಗಿಯ ಜೊತೆ, ಮತ್ತು ಅವಳ ತಂದೆತಾಯಿ ಅಥವಾ ಅವಳು ನಂಬುವ ಇನ್ನೊಬ್ಬರ ಜೊತೆ ಮಾತಾಡಬೇಕು ಎಂದೂ ಅದರಲ್ಲೇ ಇದೆ. ಆ ‘ಇನ್ನೊಬ್ಬರು’ ಚಿಕ್ಕಮ್ಮ ಆಗಬಹುದು, ಟೀಚರ್ ಆಗಬಹುದು. ಪರೀಕ್ಷೆ ಮಾಡುವವರು ಮಹಿಳಾ ವೈದ್ಯರೇ ಆಗಿರಬೇಕು.

ಗರ್ಭ ನಿಂತುಬಿಟ್ಟಿದ್ದರೆ

18 ತುಂಬಿದವರಿಗೆ ಗರ್ಭಪಾತಕ್ಕೂ ತಮ್ಮ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ, ಅಪ್ಪನ ಸಹಿ ಎಂದು ಕೇಳುವ ನರ್ಸಿಂಗ್ ಹೋಮುಗಳು ಈಗಲೂ ಇವೆ, ಅದು ಅವರ ರೂಢಿ, ಕಾನೂನು ಅಲ್ಲ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, 20ರಿಂದ 24ರ ನಡುವೆ ಕೆಲವು ಸಂದರ್ಭಗಳಲ್ಲಿ ಇಬ್ಬರದ್ದು ಬೇಕು. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಬಹಿರಂಗ ಮಾಡಿದ ಡಾಕ್ಟರಿಗೆ 1 ವರ್ಷದವರೆಗೆ ಜೈಲು ಆಗಬಹುದು, ಇದು ಗರ್ಭಪಾತದ ಕಾಯಿದೆಗೆ 2021ರ ತಿದ್ದುಪಡಿಯಲ್ಲಿ ಸೇರಿದ ಕಲಂ. ಆಸ್ಪತ್ರೆಯ ದಾಖಲೆ ಪುಸ್ತಕವೂ ಗುಪ್ತ ದಾಖಲೆ.

18 ತುಂಬದವರಿಗೆ ಗಾರ್ಡಿಯನ್ ಬರವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು. ಆದರೆ ಗಾರ್ಡಿಯನ್ ಅಂದರೆ ಅಪ್ಪ ಅಮ್ಮ ಮಾತ್ರ ಎಂದು ಆ ಕಾಯಿದೆಯಲ್ಲಿ ಇಲ್ಲ. ಹುಡುಗಿಯನ್ನು ನೋಡಿಕೊಳ್ಳುತ್ತಿರುವವರು ಎಂದಷ್ಟೇ ಇದೆ, ಅಜ್ಜಿ ಮನೆಯಲ್ಲಿ ಬೆಳೆಯುತ್ತಿರುವವಳಿಗೆ ಇದು ದೊಡ್ಡ ವ್ಯತ್ಯಾಸ. ಪೊಲೀಸರಿಗೆ ಮಾಹಿತಿ ಹೋಗುವುದು ತಪ್ಪುವುದಿಲ್ಲ. ಆದರೆ ಹುಡುಗಿ ಮತ್ತು ಗಾರ್ಡಿಯನ್ ಇಬ್ಬರೂ ಕೇಳಿಕೊಂಡರೆ ಆ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ ಎಂದು ಅದೇ 2022ರ ತೀರ್ಪಿನಲ್ಲಿದೆ. ಎಷ್ಟೋ ಡಾಕ್ಟರಿಗೇ ಇದು ಗೊತ್ತಿಲ್ಲ, ತೀರ್ಪಿನ ದಿನಾಂಕ ಹೇಳಿ ಕೇಳಿ. ಪೊಲೀಸ್ ಭಯಕ್ಕೆ ಗರ್ಭಪಾತದ ಕಿಟ್ ತಂದು ಮನೆಯಲ್ಲೇ ನುಂಗುವುದು ಮಾತ್ರ ಬೇಡ. ಎಷ್ಟು ವಾರ ಆಗಿದೆ, ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದೆಯಾ ಎಂದು ನೋಡದೆ ನುಂಗಿದರೆ ಪ್ರಾಣಕ್ಕೇ ಬರಬಹುದು. ಆಗಲೇ ನುಂಗಿದ್ದು, ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡ್ ನೆನೆಯುವಷ್ಟು ರಕ್ತ ಎರಡು ಗಂಟೆ ಬಿಡದೆ ಹೋಗುತ್ತಿದ್ದರೆ, ಜ್ವರ ಬಂದರೆ, ತಲೆ ತಿರುಗಿ ಬಿದ್ದರೆ 108 ಕರೆಸಿ, ಏನು ನುಂಗಿದ್ದೀರಿ ಎಂದು ಡಾಕ್ಟರಿಗೆ ನಿಜವನ್ನೇ ಹೇಳಿ.

ಇದನ್ನು ಓದುತ್ತಿರುವ ಅಮ್ಮಂದಿರಿಗೆ

ಮಗಳ ಬ್ಯಾಗಿನಲ್ಲಿ ಮಾತ್ರೆ ಪಟ್ಟಿ ಸಿಕ್ಕಿತು ಅಂದುಕೊಳ್ಳಿ. ಮೊದಲು ಅದು ಯಾವ ಮಾತ್ರೆ ನೋಡಿ, ಪಿಸಿಒಡಿಗೆ ಬರೆದದ್ದೂ ಆಗಿರಬಹುದು. ಅದನ್ನು ಕಸಕ್ಕೆ ಎಸೆಯಬೇಡಿ, ಪಟ್ಟಿ ಅರ್ಧಕ್ಕೆ ನಿಂತರೆ ಗರ್ಭ ನಿಲ್ಲುವ ಸಾಧ್ಯತೆ ಅಲ್ಲೇ ಶುರುವಾಗುತ್ತದೆ. ಅಪ್ಪನ ಮುಂದೆ, ಅತ್ತೆಯ ಮುಂದೆ ಕೇಳಬೇಡಿ. ಅವಳಿಗೆ 18 ಆಗಿಲ್ಲದಿದ್ದರೆ ‘ಯಾರವನು’ ಅನ್ನೋ ಪ್ರಶ್ನೆಗಿಂತ ಮೊದಲು ‘ಯಾರಾದರೂ ನಿನ್ನನ್ನ ಹೆದರಿಸುತ್ತಿದ್ದಾರಾ’ ಎಂದು ಕೇಳಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಒಂದು ಹತ್ತು ನಿಮಿಷ ಅವಳನ್ನು ಒಬ್ಬಳನ್ನೇ ಒಳಗೆ ಬಿಟ್ಟು ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ, ನಿಮ್ಮ ಮುಂದೆ ಹೇಳಲಾಗದ ಕಾಯಿಲೆಯ ಲಕ್ಷಣ ಏನಾದರೂ ಇದ್ದರೆ ಅದು ಹೊರಬರುವುದು ಆ ಹೊತ್ತಿನಲ್ಲೇ.